ಪೆನ್‌ಡ್ರೈವ್ ಚುಚ್ಚಿದ್ದು ಲಿನಕ್ಸ್‌ಗೆ ತಾನಾಗಿ ಗೊತ್ತಾಗಲು: ಯಾವ ಗುರುತು ನಂಬಬೇಕು, ಯಾವ ದಾರಿ ಹಿಡಿಯಬೇಕು

ಬ್ಯಾಕಪ್ ಸ್ಕ್ರಿಪ್ಟಿನೊಳಗೆ ‘ಎಸ್‌ಡಿಬಿ1’ ಎಂದು (ಎಸ್‌ಡಿಬಿ ಎಂಬುದು ಲಿನಕ್ಸ್ ಡಿಸ್ಕಿಗೆ ಕೊಡುವ ಹೆಸರು, 1 ಅದರ ಮೊದಲ ಭಾಗ, ಅಂದರೆ ಪಾರ್ಟಿಷನ್) ಬರೆದಿಟ್ಟು ನೆಮ್ಮದಿಯಾಗಿರುವವರು ಬೇಕಾದಷ್ಟು ಮಂದಿ ಇದ್ದಾರೆ. ಮಷೀನಿಗೆ ಹೊರಗಿನ ಡಿಸ್ಕ್ ಒಂದೇ ಇರುವ ತನಕ ಅದು ನಡೆದುಕೊಂಡು ಹೋಗುತ್ತದೆ. ಯಾರೋ ಪೆನ್‌ಡ್ರೈವ್ ಚುಚ್ಚಿ ಮರೆತುಹೋಗಿ, ಕರೆಂಟ್ ಹೋಗಿ ಬಂದು, ಮಷೀನು ಮತ್ತೆ ಏಳುವ ಹೊತ್ತಿಗೆ ಎಸ್‌ಡಿಬಿ ಎಂಬ ಹೆಸರು ಆ ಪೆನ್‌ಡ್ರೈವಿನ ಪಾಲಾಗಿರುತ್ತದೆ. ಬ್ಯಾಕಪ್ ಡಿಸ್ಕ್ ಎಸ್‌ಡಿಸಿ ಆಗಿ ಕೂತಿರುತ್ತದೆ. ಸ್ಕ್ರಿಪ್ಟ್ ಮಾತ್ರ ಹಳೆಯ ವಿಳಾಸಕ್ಕೇ ಹೋಗುತ್ತದೆ. ಒಳಗಿರುವುದು ಫೈಲುಗಳನ್ನು ನಕಲಿಸುವ ಆರ್‌ಸಿಂಕ್ ಆದರೆ ಜಾಗ ಸಾಲದೆ ನಿಂತೀತು. ಡಿಸ್ಕಿನ ಮೇಲೆ ಕೇಳದೆ ನೇರವಾಗಿ ಬರೆಯುವ ಡಿಡಿ ಆದರೆ ದೇವರೇ ಗತಿ.

ಯುಎಸ್‌ಬಿ ಡಿಸ್ಕನ್ನು ತಾನಾಗಿ ಗುರುತಿಸಬೇಕು ಎಂದಾಗ ಎದುರಿಗಿರುವುದು ಒಂದಲ್ಲ, ಎರಡು ಪ್ರಶ್ನೆ. ಇದೇ ಆ ಡಿಸ್ಕ್ ಎಂದು ಹೇಳಲು ಯಾವ ಗುರುತನ್ನು ಹಿಡಿಯಬೇಕು? ಗುರುತು ಸಿಕ್ಕ ಮೇಲೆ ಮೌಂಟ್ ಮಾಡುವ (ಡಿಸ್ಕನ್ನು ಒಂದು ಫೋಲ್ಡರಿಗೆ ಜೋಡಿಸಿ ಬಳಕೆಗೆ ತರುವ), ಬ್ಯಾಕಪ್ ಶುರುಮಾಡುವ ಕೆಲಸವನ್ನು ಯಾರ ಕೈಗೆ ಕೊಡಬೇಕು? ಸಿಗುವ ಸಲಹೆಗಳಲ್ಲಿ ಬಹುಪಾಲು ಇವೆರಡನ್ನೂ ಕಲಸುಮೇಲೋಗರ ಮಾಡಿರುತ್ತವೆ. ಬಿಡಿಸಿ ನೋಡಿದರೆ ಆಯ್ಕೆ ಸುಲಭ.

ಒಂದು ಮಾತು ಮೊದಲೇ. ಕೆಳಗೆ ಕಮಾಂಡುಗಳನ್ನೂ ಫೈಲುಗಳನ್ನೂ ನಾವು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವೆಲ್ಲ ಸಣ್ಣ ಅಕ್ಷರದಲ್ಲೇ ಇರುತ್ತವೆ.

ಚುಚ್ಚಿದ ಕ್ಷಣದಲ್ಲಿ

ಪೆನ್‌ಡ್ರೈವ್ ಪೋರ್ಟಿಗೆ ತಾಗಿದ ಕೂಡಲೇ ತಾನು ಯಾವ ವರ್ಗದ್ದು ಎಂದು ಹೇಳಿಕೊಳ್ಳುತ್ತದೆ. ಸಂಗ್ರಹ ಸಾಧನಗಳ ವರ್ಗಸಂಖ್ಯೆ 08. ಅದನ್ನು ಕಂಡ ಕರ್ನೆಲ್ (ಲಿನಕ್ಸಿನ ತಿರುಳು) ಎರಡರಲ್ಲಿ ಒಂದು ಡ್ರೈವರನ್ನು ಅಂಟಿಸುತ್ತದೆ: ಹಳೆಯ ಯುಎಸ್‌ಬಿ-ಸ್ಟೋರೇಜ್, ಇಲ್ಲವೇ ವೇಗದ ಎಸ್‌ಎಸ್‌ಡಿ ಪೆಟ್ಟಿಗೆಗಳು ಬಳಸುವ ಯುಎಎಸ್. ಎರಡೂ ಕೊನೆಗೆ ಕರ್ನೆಲ್‌ನೊಳಗೆ ಡಿಸ್ಕುಗಳನ್ನು ನೋಡಿಕೊಳ್ಳುವ ಸ್ಕಸಿ ಪದರಕ್ಕೇ ಹೋಗಿ ಸೇರುತ್ತವೆ. ಪೆನ್‌ಡ್ರೈವ್ ಆಗಲಿ, ಯುಎಸ್‌ಬಿ ಪೆಟ್ಟಿಗೆಯೊಳಗಿನ ಎನ್‌ವಿಎಂಇ ಎಸ್‌ಎಸ್‌ಡಿ ಆಗಲಿ, ಎಲ್ಲವೂ ಎಸ್‌ಡಿಎ, ಎಸ್‌ಡಿಬಿ ಎಂದೇ ಕಾಣುವುದು ಅದಕ್ಕೇ. ಯುಎಸ್‌ಬಿ-ಸ್ಟೋರೇಜ್ ಡ್ರೈವರ್ ಡಿಸ್ಕನ್ನು ಮಾತಾಡಿಸುವ ಮೊದಲು 1 ಸೆಕೆಂಡ್ ಬೇಕೆಂದೇ ಕಾಯುತ್ತದೆ. ಚುಚ್ಚಿದ ಕೂಡಲೇ ಸ್ಕ್ರಿಪ್ಟ್ ಓಡಿಸಿ ‘ಡಿಸ್ಕೇ ಇಲ್ಲ’ ಎನ್ನುವವರು ಇದನ್ನು ನೆನಪಿಡಬೇಕು.

ಇದಾದ ಮೇಲೆ ಕರ್ನೆಲ್ ಹೊರಗೆ ಒಂದು ಸುದ್ದಿ ಬಿಡುತ್ತದೆ. ಅದನ್ನು ಹಿಡಿಯುವುದು ಯುಡೆವ್. 2003ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆಯಲು ತೊಡಗಿದ ಈ ಪ್ರೋಗ್ರಾಮು 2012ರಲ್ಲಿ, ಬೂಟ್ ಮತ್ತು ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯೊಳಗೆ ಸೇರಿತು. ಅದು ಡಿಸ್ಕಿನ ತಯಾರಕರ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಕೇಳುತ್ತದೆ, ಫೈಲ್‌ಸಿಸ್ಟಮ್‌ನ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯ) ತಲೆಬರಹ ಓದುತ್ತದೆ, ಎಲ್ಲವನ್ನೂ ತನ್ನ ದಾಖಲೆಯಲ್ಲಿ ಬರೆದುಕೊಂಡು, ಡೆವ್ ಫೋಲ್ಡರಿನ ಒಳಗಿನ ಡಿಸ್ಕ್ ಫೋಲ್ಡರಿನಲ್ಲಿ ಹಲವು ಹೆಸರಿನ ಲಿಂಕುಗಳನ್ನು ಇಡುತ್ತದೆ. ನಮ್ಮ ಆಯ್ಕೆಯೆಲ್ಲ ಇರುವುದು ಈ ಲಿಂಕುಗಳಲ್ಲಿ.

ಒಮ್ಮೆ ಹತ್ತಿರದಿಂದ ನೋಡಿ. ಕರ್ನೆಲ್ ಸಾಧನಗಳ ವಿವರ ತೋರಿಸುವ ಸಿಸ್ ಫೋಲ್ಡರಿನ ಬ್ಲಾಕ್ ಒಳಗಿರುವ ಎಸ್‌ಡಿಬಿ ಒಂದು ಲಿಂಕ್. ಅದು ಎಲ್ಲಿಗೆ ಹೋಗುತ್ತದೆಂದು ರೀಡ್‌ಲಿಂಕ್ ಕಮಾಂಡಿನಿಂದ ಕೇಳಿದರೆ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಹೀಗೆ ಬರುತ್ತದೆ:

ಪಿಸಿಐ0000:00 / 0000:00:14.0 / ಯುಎಸ್‌ಬಿ2 / 2-1 / 2-1:1.0 / ಹೋಸ್ಟ್6 / ಟಾರ್ಗೆಟ್6:0:0 / 6:0:0:0 / ಬ್ಲಾಕ್ / ಎಸ್‌ಡಿಬಿ

ಎಡದಿಂದ ಓದಿ. 00:14.0 ಎಂಬುದು ಮದರ್‌ಬೋರ್ಡಿನ ಯುಎಸ್‌ಬಿ ಕಂಟ್ರೋಲರ್. ಅದರ 2ನೇ ಬಸ್, ಆ ಬಸ್ಸಿನ 1ನೇ ಪೋರ್ಟ್. ಕೊನೆಗೆ 1.0 ಇರುವುದು ಸಾಧನದ ಮೊದಲ ಇಂಟರ್‌ಫೇಸ್. ಅಲ್ಲಿಂದ ಮುಂದೆ ಸ್ಕಸಿ ವಿಳಾಸ, ತುದಿಯಲ್ಲಿ ಎಸ್‌ಡಿಬಿ. ಯಾವ ತೂತಿಗೆ ಚುಚ್ಚಿದ್ದೀರಿ ಎಂಬುದರಿಂದ ಹಿಡಿದು ಕರ್ನೆಲ್ ಏನೆಂದು ಕರೆಯಿತು ಎಂಬುದರವರೆಗೆ ಪೂರ್ತಿ ಜಾತಕ ಈ ಒಂದು ಸಾಲಿನಲ್ಲಿದೆ. ಹಬ್ ನಡುವೆ ಬಂದರೆ 2-1 ಇದ್ದದ್ದು 2-1.3 ಎಂದಾಗುತ್ತದೆ.

ಯಾವ ಗುರುತು

*ಎಸ್‌ಡಿಬಿ ತರಹದ ಕರ್ನೆಲ್ ಹೆಸರು.* ಇದು ಖಾಲಿ ಬಸ್ಸಿನ ಸೀಟಿನ ಹಾಗೆ, ಮೊದಲು ಹತ್ತಿದವರಿಗೆ ಮೊದಲ ಸೀಟು. ಕಣ್ಣೆದುರು ನೋಡಿ ಕೈಯಿಂದ ಟೈಪ್ ಮಾಡುವಾಗ ಸರಿ. ಫೈಲಿನಲ್ಲಿ ಬರೆದಿಡಲು ಕೂಡದು, ಇದರಲ್ಲಿ ಎರಡು ಮಾತಿಲ್ಲ.

*ಲೇಬಲ್.* ಓದಲು ಸಲೀಸು, ನೆನಪಿಡಲು ಸಲೀಸು. ‘ಬ್ಯಾಕಪ್’ ಎಂದು ಹೆಸರಿಟ್ಟ ಡಿಸ್ಕ್ ಬೈ-ಲೇಬಲ್ ಫೋಲ್ಡರಿನಲ್ಲಿ ಅದೇ ಹೆಸರಲ್ಲಿ ಸಿಗುತ್ತದೆ. ತೊಂದರೆ ಎಂದರೆ ಅದೇ ಹೆಸರನ್ನು ಇನ್ನೊಂದು ಡಿಸ್ಕಿಗೂ ಯಾರು ಬೇಕಾದರೂ ಇಡಬಹುದು. ಎರಡೂ ಒಟ್ಟಿಗೆ ಬಂದರೆ ಲಿಂಕ್ ಯಾವುದೋ ಒಂದನ್ನು ತೋರಿಸುತ್ತದೆ.

ಕನ್ನಡದಲ್ಲಿ ಲೇಬಲ್ ಇಡಬಹುದೇ? ಇಡಬಹುದು, ಯುಡೆವ್ ಅದನ್ನು ಕೆಡಿಸದೆ ಹಾಗೆಯೇ ತೋರಿಸುತ್ತದೆ. ಜಾಗದ ಲೆಕ್ಕ ಮಾತ್ರ ಗೊತ್ತಿರಲಿ. ಲಿನಕ್ಸಿನ ಸಾಮಾನ್ಯ ಫೈಲ್‌ಸಿಸ್ಟಮ್ ಆದ ಎಕ್ಸ್ಟ್4ರ ಲೇಬಲ್‌ಗೆ ಇರುವುದು 16 ಬೈಟ್. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತ ಚಿಹ್ನೆ, ಪ್ರತಿ ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ) 3 ಬೈಟ್ ತಿನ್ನುತ್ತದೆ. ‘ಹಾಡು’ 12 ಬೈಟ್, ಹಿಡಿಸುತ್ತದೆ. ‘ಚಿತ್ರ’ 15, ಅಂಚಿನಲ್ಲಿ ಪಾರು. ‘ಪುಸ್ತಕ’ ಕಣ್ಣಿಗೆ ಮೂರೇ ಅಕ್ಷರ, ಲೆಕ್ಕಕ್ಕೆ 18 ಬೈಟ್. ಕೊನೆಯ ‘ಕ’ದ ಮೂರು ಬೈಟ್‌ಗಳಲ್ಲಿ ಒಂದು ಮಾತ್ರ ಉಳಿದು ಬಾಲ ಕತ್ತರಿಸಿದ ಕಸವಾಗುತ್ತದೆ. ಎಕ್ಸ್‌ಫ್ಯಾಟ್ ಈ ವಿಷಯದಲ್ಲಿ ಉದಾರಿ: ಯುಟಿಎಫ್-16ರ ಲೆಕ್ಕದಲ್ಲಿ 11 ಚಿಹ್ನೆಗಳಿಗೆ ಜಾಗ ಇರುವುದರಿಂದ ‘ಪುಸ್ತಕ’ ಆರಾಮವಾಗಿ ಕೂರುತ್ತದೆ. ಹಳೆಯ ಫ್ಯಾಟ್32ರ ಲೇಬಲ್‌ನಲ್ಲಿ ಕನ್ನಡದ ಆಸೆ ಬಿಟ್ಟುಬಿಡಿ.

*ಯುಯುಐಡಿ.* ಫೈಲ್‌ಸಿಸ್ಟಮ್ ಮಾಡುವಾಗ ಅದಕ್ಕೆ ಅಂಟುವ ಸಂಖ್ಯೆ. ಡಿಸ್ಕನ್ನು ಯಾವ ಪೋರ್ಟಿಗೆ ಹಾಕಿ, ಯಾವ ಪೆಟ್ಟಿಗೆಯಲ್ಲಿಡಿ, ಯಾವ ಮಷೀನಿಗೆ ಒಯ್ಯಿರಿ, ಇದು ಬದಲಾಗುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಬದಲಾಗುತ್ತದೆ. ಬ್ಯಾಕಪ್‌ಗೆ ಅದೇ ಒಳ್ಳೆಯದು: ಯಾರೋ ಡಿಸ್ಕ್ ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಿದ್ದರೆ ನನ್ನ ಸ್ಕ್ರಿಪ್ಟ್ ಸುಮ್ಮನೆ ಬರೆಯುತ್ತಾ ಹೋಗುವ ಬದಲು ‘ಇದು ನನ್ನ ಡಿಸ್ಕ್ ಅಲ್ಲ’ ಎನ್ನಬೇಕು.

ಇದರಲ್ಲೂ ಎಲ್ಲವೂ ಒಂದೇ ತೂಕದ್ದಲ್ಲ. ಎಕ್ಸ್ಟ್4ನದು 128 ಬಿಟ್‌ನ ಪೂರ್ತಿ ಯುಯುಐಡಿ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನದು 64 ಬಿಟ್. ಫ್ಯಾಟ್ ಮತ್ತು ಎಕ್ಸ್‌ಫ್ಯಾಟ್‌ನದು ಬರೀ 32 ಬಿಟ್, ನಡುವೆ ಗೀಟು ಹಾಕಿದ ಎಂಟು ಅಂಕಿ. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಆದ ಬೇರೆ ಬೇರೆ ಕಾರ್ಡುಗಳು ಒಂದೇ ಸಂಖ್ಯೆ ಹೊತ್ತು ಬರುವುದುಂಟು. ಇನ್ನು ಡಿಡಿಯಿಂದ ನಕಲು ಮಾಡಿದ ಡಿಸ್ಕು ಯುಯುಐಡಿಯನ್ನೂ ಸೇರಿಸಿಯೇ ನಕಲಾಗಿರುತ್ತದೆ. ಎಕ್ಸ್ಟ್4 ಆದರೆ ಟ್ಯೂನ್2ಎಫ್‌ಎಸ್ ಕಮಾಂಡಿನಿಂದ ಹೊಸದೊಂದು ಸಂಖ್ಯೆ ಕೊಡಬಹುದು. ಒಂದೇ ಇಮೇಜಿನಿಂದ ಇಪ್ಪತ್ತು ಕಾರ್ಡ್ ಬರೆಯುವ ಕೆಲಸದಲ್ಲಿ ಯುಯುಐಡಿ ಕವಡೆ ಕಾಸಿನ ಕಿಮ್ಮತ್ತಿಗೂ ಬಾರದು.

*ಬೈ-ಐಡಿ.* ಇದು ಹಾರ್ಡ್‌ವೇರಿನ ಗುರುತು: ಯುಎಸ್‌ಬಿ, ತಯಾರಕ, ಮಾಡೆಲ್, ಸೀರಿಯಲ್ ನಂಬರ್ ಎಲ್ಲ ಸೇರಿ ಒಂದು ಉದ್ದನೆಯ ಹೆಸರು. ಡಿಸ್ಕಿನಲ್ಲಿ ಫೈಲ್‌ಸಿಸ್ಟಮ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಡಿಡಿಗೆ ಗುರಿ ತೋರಿಸಲು ನಾನು ಬಳಸುವುದು ಇದನ್ನೇ, ಏಕೆಂದರೆ ಟೈಪ್ ಮಾಡುವಾಗ ಬ್ರ್ಯಾಂಡಿನ ಹೆಸರು ಕಣ್ಣಿಗೆ ಬೀಳುತ್ತದೆ. ಎಸ್‌ಡಿಎ, ಎಸ್‌ಡಿಬಿ ನಡುವೆ ಬೆರಳು ಜಾರಬಹುದು. ಸ್ಯಾನ್‌ಡಿಸ್ಕ್ ಎಂದಿರುವ ಕಡೆ ಒಳಗಿನ ಹಾರ್ಡ್‌ಡಿಸ್ಕ್ ಎಂದು ತಪ್ಪಿ ತಿಳಿಯುವುದು ಕಷ್ಟ.

ನಿಯಮದ ಪ್ರಕಾರ ಪ್ರತಿ ಸಾಧನಕ್ಕೂ ಕನಿಷ್ಠ 12 ಅಂಕಿಯ, ಬೇರೆಯದರ ಜೊತೆ ಹೊಂದದ ಸೀರಿಯಲ್ ನಂಬರ್ ಇರಬೇಕು. ಅಗ್ಗದ ಪೆನ್‌ಡ್ರೈವ್ ಮಾಡುವವರಿಗೆ ಈ ನಿಯಮ ಲೆಕ್ಕಕ್ಕಿಲ್ಲ. ಒಂದೇ ಪ್ಯಾಕಿನ ಹತ್ತೂ ಡ್ರೈವ್‌ಗಳಿಗೆ ಒಂದೇ ನಂಬರ್ ಇರುವುದು, 0123456789 ಎಂದು ನಿರ್ಭಿಡೆಯಿಂದ ಬರೆದಿರುವುದು, ಏನೂ ಇಲ್ಲದಿರುವುದು, ಮೂರೂ ಮಾರುಕಟ್ಟೆಯಲ್ಲಿವೆ. ಹೊರಗಿನ ಹಾರ್ಡ್‌ಡಿಸ್ಕ್ ಪೆಟ್ಟಿಗೆಗಳಲ್ಲಿ ಇನ್ನೊಂದು ತಿರುವು: ಕಾಣುವ ನಂಬರ್ ಹಲವು ಸಲ ಪೆಟ್ಟಿಗೆಯ ಎಲೆಕ್ಟ್ರಾನಿಕ್ ಚಿಪ್‌ನದು, ಒಳಗಿನ ಡಿಸ್ಕಿನದಲ್ಲ. ಡಿಸ್ಕ್ ಬದಲಿಸಿದರೂ ಗುರುತು ಹಾಗೇ ಉಳಿಯುತ್ತದೆ. ಒಳಗಿನದರ ನಿಜವಾದ ನಂಬರ್ ಬೇಕಿದ್ದರೆ ಸ್ಮಾರ್ಟ್‌ಸಿಟಿಎಲ್ ಕಮಾಂಡನ್ನು ಕೇಳಬೇಕು.

ತಯಾರಕರ ಸಂಖ್ಯೆಯಿಂದ ಹಿಡಿಯುತ್ತೇನೆ ಎನ್ನುವವರಿದ್ದಾರೆ. ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಓಡಿಸಿದರೆ 0781 ಸ್ಯಾನ್‌ಡಿಸ್ಕ್, 0951 ಕಿಂಗ್‌ಸ್ಟನ್, 1058 ವೆಸ್ಟರ್ನ್ ಡಿಜಿಟಲ್ ಎಂದು ಕಾಣುತ್ತದೆ. ಒಂದು ಬಗೆಯ ಸಾಧನಗಳನ್ನೆಲ್ಲ ಒಟ್ಟಿಗೆ ಹಿಡಿಯಲು ಇದು ಸರಿ, ಒಂದೇ ಒಂದನ್ನು ಹಿಡಿಯಲು ಅಲ್ಲ.

*ಬೈ-ಪಾತ್.* ಮೇಲೆ ನೋಡಿದ ಜಾತಕದ ಸಂಕ್ಷಿಪ್ತ ರೂಪ. ಇದು ಡಿಸ್ಕನ್ನಲ್ಲ, ತೂತನ್ನು ಗುರುತಿಸುತ್ತದೆ. ಮನೆಬಳಕೆಗೆ ಬೇಡದ್ದು. ಆದರೆ ಹಬ್‌ನ ಪೋರ್ಟುಗಳಿಗೆ 1, 2, 3 ಎಂದು ಚೀಟಿ ಅಂಟಿಸಿ, ಯಾವ ಕಾರ್ಡ್ ಎಲ್ಲಿ ಬಂದರೂ ಆ ಸಂಖ್ಯೆಯ ಫೋಲ್ಡರಿಗೇ ಫೋಟೋ ಇಳಿಯಬೇಕು ಎನ್ನುವ ಸ್ಟುಡಿಯೊಗೆ ಇದನ್ನು ಬಿಟ್ಟರೆ ಬೇರೆ ಗುರುತಿಲ್ಲ. ನೆನಪಿಡಿ, ಯುಎಸ್‌ಬಿ 3ರ ತೂತಿಗೆ ಯುಎಸ್‌ಬಿ 2ರ ಡ್ರೈವ್ ಹಾಕಿದರೆ ಅದು ಬೇರೆ ಬಸ್ಸಿನಲ್ಲಿ, ಬೇರೆ ಸಂಖ್ಯೆಯಲ್ಲಿ ಕಾಣಿಸಿಕೊಳ್ಳುತ್ತದೆ. ಎರಡೂ ಬಗೆಯ ಡ್ರೈವ್ ಹಾಕಿ ನೋಡಿ, ಎರಡೂ ದಾರಿ ಬರೆದುಕೊಳ್ಳಿ.

ಇದು ಯುಎಸ್‌ಬಿಯೇ ಎಂದು ಕೇಳುವುದು ಹೇಗೆ

ನಿರ್ದಿಷ್ಟ ಡಿಸ್ಕ್ ಬೇಡ, ಯುಎಸ್‌ಬಿಯಲ್ಲಿ ಬಂದದ್ದು ಯಾವುದಾದರೂ ಸರಿ ಎನ್ನುವವರು ಮೊದಲು ಕೈಹಾಕುವುದು ‘ರಿಮೂವಬಲ್’ ಎಂಬ 0 ಅಥವಾ 1ರ ಗುರುತಿಗೆ. ಅದನ್ನು ನಂಬಬೇಡಿ. ಅದು ಹೇಳುವುದು ಮಾಧ್ಯಮ ತೆಗೆಯಲು ಬರುತ್ತದೆಯೇ ಎಂದು, ವೈರ್ ಕೀಳಲು ಬರುತ್ತದೆಯೇ ಎಂದಲ್ಲ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ 1 ಎನ್ನುತ್ತವೆ, ಹೊರಗಿನ ಹಾರ್ಡ್‌ಡಿಸ್ಕ್‌ಗಳು 0 ಎನ್ನುತ್ತವೆ. ಇದನ್ನೇ ಆಧಾರವಾಗಿಟ್ಟ ಸ್ಕ್ರಿಪ್ಟಿಗೆ 4 ಟಿಬಿಯ ಬ್ಯಾಕಪ್ ಡಿಸ್ಕ್ ಕಣ್ಣಿಗೇ ಬೀಳುವುದಿಲ್ಲ.

ಯುಡೆವ್ ದಾಖಲೆಯಲ್ಲಿರುವ ‘ಐಡಿ ಬಸ್’ ಎಂಬ ಗುಣವೂ ಅರೆಬರೆ. ಸಾಟಾ ಡಿಸ್ಕ್ ಇರುವ ಪೆಟ್ಟಿಗೆಯೊಳಗೆ ಯುಡೆವ್ ಇಣುಕಿ ನೋಡಬಲ್ಲದಾದರೆ ಅಲ್ಲಿ ಯುಎಸ್‌ಬಿ ಎಂದಿರುವ ಬದಲು ಎಟಿಎ ಎಂದಿರಬಹುದು.

ನನ್ನ ಆಯ್ಕೆ ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡಿನ ‘ಟ್ರಾನ್’ ಕಾಲಂ. ಅದು ಸಿಸ್ ದಾರಿಯಲ್ಲೇ ಯುಎಸ್‌ಬಿ ಇದೆಯೇ ಎಂದು ನೋಡಿ ಹೇಳುವುದರಿಂದ ಪೆಟ್ಟಿಗೆಯೊಳಗೆ ಏನೇ ಇದ್ದರೂ ಮೋಸಹೋಗುವುದಿಲ್ಲ. ಹೆಸರು, ಟ್ರಾನ್, ಗಾತ್ರ, ಸೀರಿಯಲ್, ಯುಯುಐಡಿ, ಲೇಬಲ್ ಎಂಬ ಕಾಲಂಗಳನ್ನು ಕೇಳಿ ಜೇಸನ್ ರೂಪದಲ್ಲಿ ಕೊಡು ಎಂದರೆ ಪೈಥಾನ್‌ನಲ್ಲೋ ಜೆಕ್ಯೂನಲ್ಲೋ ಸುಲಭವಾಗಿ ಓದಬಹುದು. ಕಣ್ಣಿಗೆಂದು ಮಾಡಿದ ಪಟ್ಟಿಯನ್ನು ಗ್ರೆಪ್, ಆಕ್ ಹಾಕಿ ಕೊಯ್ಯುವ ಚಾಳಿ ಬಿಡುವುದು ಮೇಲು. ಬಿಎಲ್‌ಕೆಐಡಿ ಕೂಡ ಯುಯುಐಡಿ ಹೇಳುತ್ತದೆ, ಆದರೆ ರೂಟ್ (ಮಷೀನಿನ ಪೂರ್ಣ ಅಧಿಕಾರವುಳ್ಳ ಬಳಕೆದಾರ) ಅಲ್ಲದವರಿಗೆ ಅದು ಹಳೆಯ ನೆನಪಿನಿಂದ ಹಳಸಿದ ಉತ್ತರ ಕೊಡುವ ಸಾಧ್ಯತೆ ಇದೆ.

ಮೂರು ಹಳ್ಳಗಳು ಇಲ್ಲೇ ಇವೆ. ಕೆಲವು ಪೆನ್‌ಡ್ರೈವ್‌ಗಳಲ್ಲಿ ಪಾರ್ಟಿಷನ್ನೇ ಇರುವುದಿಲ್ಲ, ಫೈಲ್‌ಸಿಸ್ಟಮ್ ನೇರವಾಗಿ ಎಸ್‌ಡಿಬಿ ಮೇಲೆಯೇ ಕೂತಿರುತ್ತದೆ. ಪಾರ್ಟಿಷನ್ ಮಾತ್ರ ಹುಡುಕುವ ನಿಯಮ ಅದನ್ನು ದಾಟಿ ಹೋಗುತ್ತದೆ. ಕಾರ್ಡ್ ರೀಡರ್ ಕಾರ್ಡ್ ಇಲ್ಲದಾಗಲೂ ಡಿಸ್ಕ್ ಆಗಿ ಕಾಣುತ್ತದೆ, ಆಮೇಲೆ ಕಾರ್ಡ್ ಹಾಕಿದಾಗ ಆ ಡಿಸ್ಕಿಗೆ ‘ಸೇರಿತು’ ಎಂಬ ಸುದ್ದಿ ಬಾರದೆ ‘ಬದಲಾಯಿತು’ ಎಂಬುದು ಬರುತ್ತದೆ. ಇನ್ನು ಆಂಡ್ರಾಯ್ಡ್ ಫೋನ್: ಅದು ಫೈಲು ದಾಟಿಸುವ ಎಂಟಿಪಿ ಎಂಬ ಭಾಷೆಯಲ್ಲಿ ಮಾತಾಡುತ್ತದೆ, ಡಿಸ್ಕ್ ಅಲ್ಲವೇ ಅಲ್ಲ. ಎಲ್‌ಎಸ್‌ಯುಎಸ್‌ಬಿಯಲ್ಲಿ ಇದೆ, ಎಲ್‌ಎಸ್‌ಬಿಎಲ್‌ಕೆಯಲ್ಲಿ ಇಲ್ಲ ಎಂದು ತಲೆಕೆಡಿಸಿಕೊಂಡವರಿಗೆ ಉತ್ತರ ಇಷ್ಟೇ.

ಕೆಲಸ ಯಾರ ಕೈಗೆ

*ಡೆಸ್ಕ್‌ಟಾಪ್ ಇದ್ದರೆ: ಯುಡಿಸ್ಕ್ಸ್.* ಗ್ನೋಮ್ ಆಗಲಿ ಕೆಡಿಇ ಆಗಲಿ, ಹಿಂದೆ ನಿಂತು ಮೌಂಟ್ ಮಾಡುವುದು ಯುಡಿಸ್ಕ್ಸ್ ಎಂಬ ಸೇವೆ. ಪಾಸ್‌ವರ್ಡ್ ಬೇಡ, ಫೈಲು ನಿಮ್ಮ ಹೆಸರಿನಲ್ಲೇ ಇರುತ್ತದೆ, ಸುರಕ್ಷಿತವಾಗಿ ತೆಗೆಯುವ ಗುಂಡಿ ಇರುತ್ತದೆ. ಫ್ಯಾಟ್ ಡ್ರೈವ್‌ಗೆ ಅದು ಯುಟಿಎಫ್-8 ಆಯ್ಕೆಯನ್ನು ತಾನೇ ಸೇರಿಸುತ್ತದೆ, ಆದ್ದರಿಂದ ಕನ್ನಡದ ಫೈಲ್ ಹೆಸರುಗಳು ಸರಿಯಾಗಿ ಕಾಣುತ್ತವೆ. ಅದೇ ಡ್ರೈವನ್ನು ಕೈಯಿಂದ ಮೌಂಟ್ ಮಾಡಿದಾಗ ಕೆಲವು ವಿತರಣೆಗಳಲ್ಲಿ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಬಿಟ್ಟುಹೋಗಿರುವುದು ಈ ಆಯ್ಕೆಯೇ.

ಕೂತು ಕೆಲಸ ಮಾಡುವ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನದು ಬೇಡ. ಹಗುರ ವಿಂಡೋ ಮ್ಯಾನೇಜರ್ ಬಳಸುವವರು ಯುಡಿಸ್ಕಿ ಎಂಬ ಪುಟ್ಟ ಪ್ರೋಗ್ರಾಮು ಹಾಕಿಕೊಂಡರೆ ಅದೇ ಅನುಕೂಲ ಸಿಗುತ್ತದೆ. ಮಿತಿ ಇರುವುದು ಬೇರೆ ಕಡೆ. ಈ ಸ್ವಯಂಚಾಲಿತ ಮೌಂಟ್ ಯಾರಾದರೂ ಲಾಗಿನ್ ಆಗಿದ್ದಾಗ ಮಾತ್ರ. ಮೌಂಟ್ ಆಗುವ ಜಾಗವೂ ಒಂದೇ ಅಲ್ಲ: ಉಬುಂಟು, ಡೆಬಿಯನ್‌ಗಳಲ್ಲಿ ಮೀಡಿಯಾ ಫೋಲ್ಡರಿನ ಕೆಳಗೆ, ಫೆಡೋರಾ, ಆರ್ಚ್‌ಗಳಲ್ಲಿ ರನ್ ಒಳಗಿನ ಮೀಡಿಯಾ ಕೆಳಗೆ. ಅದೇ ಲೇಬಲ್‌ನ ಇನ್ನೊಂದು ಡಿಸ್ಕ್ ಆಗಲೇ ಇದ್ದರೆ ಹೆಸರಿನ ಕೊನೆಗೆ 1 ಸೇರುತ್ತದೆ. ಸ್ಕ್ರಿಪ್ಟಿಗೆ ಇದರ ಮೇಲೆ ಕಟ್ಟಡ ಕಟ್ಟಬೇಡಿ.

*ಗೊತ್ತಿರುವ ಡಿಸ್ಕ್, ಪರದೆಯಿಲ್ಲದ ಮಷೀನ್: ಎಫ್‌ಎಸ್‌ಟ್ಯಾಬ್.* ರಾಸ್ಪ್‌ಬೆರಿ ಪೈಗೆ ಸದಾ ಅಂಟಿಕೊಂಡಿರುವ ಡಿಸ್ಕ್, ಆಫೀಸಿನ ಮೂಲೆಯ ಸರ್ವರ್, ಇಂಥವಕ್ಕೆ, ಏನೇನು ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಯುಯುಐಡಿ ಬರೆದ ಒಂದು ಸಾಲು ಸಾಕು. ಜನ ಇಲ್ಲಿ ಸುಮ್ಮನೆ ಯುಡೆವ್ ನಿಯಮಗಳಿಗೆ ಹೋಗುತ್ತಾರೆ. ಆದರೆ ಆ ಸಾಲಿನಲ್ಲಿ ‘ನೋಫೇಲ್’ (ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಯಲಿ ಎಂಬ ಆಯ್ಕೆ) ಇರಲೇಬೇಕು. ಅದಿಲ್ಲದಿದ್ದರೆ ಡಿಸ್ಕ್ ಚುಚ್ಚದೆ ಬೂಟ್ ಮಾಡಿದ ದಿನ ಸಿಸ್ಟಮ್‌ಡಿ 90 ಸೆಕೆಂಡ್ ಕಾದು, ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರುತ್ತದೆ. ಮೈಸೂರಿನಲ್ಲಿ ಕೂತು ಹುಬ್ಬಳ್ಳಿಯ ಸರ್ವರ್ ನೋಡಿಕೊಳ್ಳುವವರು ಆಮೇಲೆ ಬಸ್ ಹತ್ತಬೇಕಾಗುತ್ತದೆ, ಏಕೆಂದರೆ ಆ ಸ್ಥಿತಿಯಲ್ಲಿ ದೂರದಿಂದ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಕೂಡ ಎದ್ದಿರುವುದಿಲ್ಲ.

ಇದಕ್ಕೇ ಸಿಸ್ಟಮ್‌ಡಿಯ ಆಟೋಮೌಂಟ್ ಆಯ್ಕೆ ಸೇರಿಸಿದರೆ ಇನ್ನೂ ಚೆನ್ನ. ಫೋಲ್ಡರನ್ನು ಯಾರಾದರೂ ಮುಟ್ಟಿದಾಗ ಮೌಂಟ್ ಆಗುತ್ತದೆ. ಇಷ್ಟು ಹೊತ್ತು ಯಾರೂ ಮುಟ್ಟದಿದ್ದರೆ ಇಳಿಸು ಎಂದೂ ಹೇಳಬಹುದು. ಬ್ಯಾಕಪ್ ಮುಗಿದು ಸ್ವಲ್ಪ ಹೊತ್ತಿಗೆ ಡಿಸ್ಕ್ ತಾನಾಗಿ ಇಳಿದಿರುತ್ತದೆ, ಅಷ್ಟು ಹೊತ್ತಿಗೆ ಯಾರಾದರೂ ವೈರ್ ಕಿತ್ತರೂ ಹೋಗುವುದೇನಿಲ್ಲ. ಫ್ಯಾಟ್ ಡಿಸ್ಕ್ ಆದರೆ ಬಳಕೆದಾರರ ಸಂಖ್ಯೆ, ಯುಟಿಎಫ್-8 ಎರಡನ್ನೂ ಬರೆಯಿರಿ, ಇಲ್ಲವಾದರೆ ಎಲ್ಲ ಫೈಲೂ ರೂಟ್ ಪಾಲು.

*ಚುಚ್ಚಿದಾಗ ಏನೋ ನಡೆಯಬೇಕು: ಯುಡೆವ್ ನಿಯಮ, ಜೊತೆಗೆ ಸಿಸ್ಟಮ್‌ಡಿ ಸೇವೆ.* ಈ ಜೋಡಿಯಲ್ಲಿ ‘ಜೊತೆಗೆ’ ಎಂಬ ಮಾತೇ ಮುಖ್ಯ. ಹಳೆಯ ಪಾಠಗಳಲ್ಲಿ ನಿಯಮದ ‘ರನ್’ ಭಾಗದಲ್ಲೇ ಮೌಂಟ್ ಕಮಾಂಡ್, ಆರ್‌ಸಿಂಕ್, ಎಲ್ಲ ತುರುಕಿರುತ್ತಾರೆ. ಈಗ ಅದು ನಡೆಯುವುದಿಲ್ಲ, ನಡೆದಂತೆ ಕಂಡರೂ ಫಲ ಸಿಗುವುದಿಲ್ಲ. ಯುಡೆವ್ ಸೇವೆ ತನ್ನದೇ ಮೌಂಟ್ ನೇಮ್‌ಸ್ಪೇಸಿನಲ್ಲಿ ಓಡುತ್ತದೆ. ಅಲ್ಲಿಂದ ಮಾಡಿದ ಮೌಂಟ್ ಅದಕ್ಕೊಂದಕ್ಕೇ ಕಾಣುತ್ತದೆ, ಹೊರಗೆ ಫೋಲ್ಡರ್ ಖಾಲಿ. ರನ್ ಮೂಲಕ ಹೊರಟ ಪ್ರೋಗ್ರಾಮು ಬೇಗ ಮುಗಿಯಬೇಕು ಎಂಬ ಕಟ್ಟಳೆಯೂ ಇದೆ. ಹಿನ್ನೆಲೆಗೆ ತಳ್ಳಿದರೂ ಆ ಘಟನೆ ಮುಗಿದ ಮೇಲೆ ಯುಡೆವ್ ಅದನ್ನು ಕೊಲ್ಲುತ್ತದೆ. ಯುಎಸ್‌ಬಿಮೌಂಟ್ ಎಂಬ ಹಳೆಯ ಪ್ಯಾಕೇಜನ್ನು ಇಂದಿನ ಮಷೀನಿನಲ್ಲಿ ನಂಬಬಾರದು ಎನ್ನುವುದಕ್ಕೂ ಇದೇ ಕಾರಣ.

ಸರಿಯಾದ ರೂಪ ಸಣ್ಣದು. ಇಟಿಸಿಯೊಳಗಿನ ಯುಡೆವ್ ನಿಯಮಗಳ ಫೋಲ್ಡರಿನಲ್ಲಿ 99ರಿಂದ ಶುರುವಾಗುವ ಹೆಸರಿನ ಒಂದು ಫೈಲು. ಫೈಲ್‌ಸಿಸ್ಟಮ್‌ನ ಯುಯುಐಡಿ ಓದುವ ನಿಯಮಗಳು 60ರ ಫೈಲಿನಲ್ಲಿವೆ, ನಿಮ್ಮದು ಅದಾದ ಮೇಲೆ ಬರಬೇಕು. 10 ಎಂದು ಹೆಸರಿಟ್ಟರೆ ಆ ಹೊತ್ತಿಗೆ ಯುಯುಐಡಿಯೇ ಹುಟ್ಟಿರುವುದಿಲ್ಲ. ಒಳಗೆ ಒಂದೇ ಸಾಲು: ಸುದ್ದಿ ‘ಆಡ್’ ಆಗಿದ್ದು, ಸಬ್‌ಸಿಸ್ಟಮ್ ‘ಬ್ಲಾಕ್’ ಆಗಿದ್ದು, ಯುಯುಐಡಿ ಇಂಥದ್ದಾಗಿದ್ದರೆ, ‘ಸಿಸ್ಟಮ್‌ಡಿ ವಾಂಟ್ಸ್’ ಗುಣಕ್ಕೆ ನಿಮ್ಮ ಸೇವೆಯ ಹೆಸರು ಸೇರಿಸು. ಹೋಲಿಸುವಾಗ ಎರಡು ಸಮ ಚಿಹ್ನೆ, ಕೊಡುವಾಗ ಒಂದು. ಈ ಒಂದು ಚಿಹ್ನೆ ತಪ್ಪಿದರೆ ನಿಯಮ ದೂರನ್ನೂ ಹೇಳದೆ ಸುಮ್ಮನಾಗಬಹುದು.

ಉಳಿದದ್ದೆಲ್ಲ ಸೇವೆಯ ಫೈಲಿನಲ್ಲಿ. ಮೌಂಟ್ ಮಾಡುವುದು, ನಕಲಿಸುವುದು, ಇಳಿಸುವುದು ಅಲ್ಲೇ ಬರೆಯಿರಿ. ಎಷ್ಟು ಹೊತ್ತಾದರೂ ಓಡುತ್ತದೆ, ಲಾಗ್ ಜರ್ನಲ್‌ನಲ್ಲಿ ಸಿಗುತ್ತದೆ. ‘ಬೈಂಡ್ಸ್‌ಟು’ ಎಂದು ಡಿಸ್ಕಿನ ಯೂನಿಟ್‌ಗೆ ಕಟ್ಟಿಹಾಕಿದರೆ ಡಿಸ್ಕ್ ಕಿತ್ತಾಗ ಸೇವೆಯೂ ನಿಲ್ಲುತ್ತದೆ. ಯಾವುದೇ ಪೆನ್‌ಡ್ರೈವ್ ಬಂದರೂ ಬರೀ ಮೌಂಟ್ ಆದರೆ ಸಾಕು ಎನ್ನುವವರಿಗೆ ಸೇವೆಯನ್ನೂ ಬರೆಯುವ ಕೆಲಸವಿಲ್ಲ. ಸಿಸ್ಟಮ್‌ಡಿ-ಮೌಂಟ್ ಎಂಬ ಕಮಾಂಡನ್ನು ಕಾಯದೆ ಹಿಂತಿರುಗುವ ಆಯ್ಕೆಯೊಂದಿಗೆ ನಿಯಮದಿಂದಲೇ ಕರೆಯಬಹುದು, ಏಕೆಂದರೆ ಅದು ಕೆಲಸವನ್ನು ಸಿಸ್ಟಮ್‌ಡಿಗೆ ಒಪ್ಪಿಸಿ ತಾನು ಹೊರಡುತ್ತದೆ.

*ಸ್ವಂತ ಪ್ರೋಗ್ರಾಮು.* ನೀವು ಬರೆಯುತ್ತಿರುವುದೇ ಒಂದು ಅಪ್ಲಿಕೇಶನ್ ಆಗಿದ್ದು, ಅದರ ಪರದೆಯ ಮೇಲೆ ಡ್ರೈವ್‌ಗಳ ಪಟ್ಟಿ ಬದಲಾಗುತ್ತಿರಬೇಕಾದರೆ ಪೈಥಾನ್‌ನ ಪೈಯುಡೆವ್ ಸಾಕು. ಕರ್ನೆಲ್‌ನ ಸುದ್ದಿಯನ್ನಲ್ಲ, ಯುಡೆವ್‌ನ ಸುದ್ದಿಯನ್ನು ಕೇಳಿ. ಮೊದಲನೆಯದು ಬಂದಾಗ ಯುಯುಐಡಿ, ಲೇಬಲ್ ಇನ್ನೂ ತುಂಬಿರುವುದಿಲ್ಲ. ಪ್ರತಿ ಎರಡು ಸೆಕೆಂಡಿಗೆ ಎಲ್‌ಎಸ್‌ಬಿಎಲ್‌ಕೆ ಓಡಿಸುವ ಲೂಪ್ ಬರೆದವರನ್ನು ನಾನು ಬೈಯುವುದಿಲ್ಲ. ಚೆಂದವಲ್ಲ, ಆದರೆ ಕೆಲಸ ಮಾಡುತ್ತದೆ.

*ಪುಟ್ಟ ಮಷೀನುಗಳು.* ಓಪನ್‌ಡಬ್ಲ್ಯುಆರ್‌ಟಿ ರೂಟರಿನಲ್ಲಿ ಯುಡೆವ್ ಇಲ್ಲ, ಬ್ಲಾಕ್-ಮೌಂಟ್ ಪ್ಯಾಕೇಜ್ ಹಾಕಿ ಅದರ ಎಫ್‌ಎಸ್‌ಟ್ಯಾಬ್ ಸಂರಚನೆಯಲ್ಲಿ ಯುಯುಐಡಿ ಬರೆಯಬೇಕು. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನಲ್ಲಿ ಯುಡೆವ್ ಬದಲು ಬ್ಯುಸಿಬಾಕ್ಸ್‌ನ ಎಂಡೆವ್ ಇರುತ್ತದೆ. ಮೇಲೆ ಹೇಳಿದ ಲಿಂಕುಗಳೆಲ್ಲ ಅಲ್ಲಿಯೂ ಇವೆ ಎಂದು ಊಹಿಸಿಕೊಂಡು ಹೊರಡಬೇಡಿ.

ಗುರುತು ಬೇರೆ, ನಂಬಿಕೆ ಬೇರೆ

ಸೀರಿಯಲ್ ನಂಬರ್ ಹೊಂದಿದರೆ ಮಾತ್ರ ಬಾಗಿಲು ತೆರೆಯುವ ವ್ಯವಸ್ಥೆ ಮಾಡಿದ್ದೇನೆ ಎಂದು ಕೆಲವರು ಹೇಳುತ್ತಾರೆ. ಇಲ್ಲಿರುವ ಎಲ್ಲ ಗುರುತೂ ಸಾಧನ ತಾನೇ ತನ್ನ ಬಗ್ಗೆ ಹೇಳಿಕೊಂಡದ್ದು, ಸುಳ್ಳು ಹೇಳುವುದನ್ನು ತಡೆಯುವವರಿಲ್ಲ. 2014ರ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ತೋರಿಸಿದ ಬ್ಯಾಡ್‌ಯುಎಸ್‌ಬಿ ಇದನ್ನೇ ಬಳಸಿತು: ಫರ್ಮ್‌ವೇರ್ ತಿದ್ದಿದ ಪೆನ್‌ಡ್ರೈವ್ ತನ್ನನ್ನು ಕೀಬೋರ್ಡ್ ಎಂದು ಪರಿಚಯಿಸಿಕೊಂಡು ತಾನೇ ಟೈಪ್ ಮಾಡಿತು. ಕಚೇರಿಯ ಮಷೀನಿಗೆ ಬೇಕಾದ್ದು ಯುಎಸ್‌ಬಿಗಾರ್ಡ್. ಅನುಮತಿಯ ಪಟ್ಟಿಯಲ್ಲಿಲ್ಲದ ಸಾಧನಕ್ಕೆ ಡ್ರೈವರ್ ಅಂಟುವ ಮೊದಲೇ ಅದು ತಡೆ ಹಾಕುತ್ತದೆ. ಯುಎಸ್‌ಬಿ-ಸ್ಟೋರೇಜ್ ಮಾಡ್ಯೂಲನ್ನು ಮಾತ್ರ ನಿಷೇಧಿಸಿ ಕೈತೊಳೆದುಕೊಂಡವರು ಯುಎಎಸ್ ಮಾಡ್ಯೂಲನ್ನೂ ಅದೇ ಪಟ್ಟಿಗೆ ಸೇರಿಸಲಿ. ಡಿಸ್ಕಿನಲ್ಲಿರುವುದು ನಿಮ್ಮದೇ ಡೇಟಾ ಎಂಬ ಖಾತ್ರಿ ಬೇಕಿದ್ದರೆ ಲಕ್ಸ್ ಎನ್‌ಕ್ರಿಪ್ಶನ್ ಹಾಕಿ. ಆಗ ಡಿಸ್ಕ್ ತೆರೆಯುವುದೋ ಇಲ್ಲವೋ ಎಂಬುದನ್ನು ಕೀಲಿ ನಿರ್ಧರಿಸುತ್ತದೆ.

ನಿಯಮ ಕೆಲಸ ಮಾಡದಿದ್ದರೆ

ಒಂದು ಟರ್ಮಿನಲ್‌ನಲ್ಲಿ ಯುಡೆವ್‌ಎಡಿಎಂ ಮಾನಿಟರ್ ಓಡಿಸಿ, ಡ್ರೈವ್ ಚುಚ್ಚಿ. ಮೊದಲು ಕರ್ನೆಲ್ ಎಂದಿರುವ ಸಾಲುಗಳು, ಅವುಗಳ ಹಿಂದೆ ಯುಡೆವ್ ಎಂದಿರುವ ಸಾಲುಗಳು ಬರಬೇಕು. ಕರ್ನೆಲ್ ಸಾಲೇ ಬರದಿದ್ದರೆ ದೋಷ ನಿಯಮದಲ್ಲಿಲ್ಲ. ವೈರ್, ಪೋರ್ಟ್, ಪವರ್ ನೋಡಿ. ರಾಸ್ಪ್‌ಬೆರಿ ಪೈಯಲ್ಲಿ ಎಸ್‌ಎಸ್‌ಡಿ ಪೆಟ್ಟಿಗೆ ಬಂದು ಬಂದು ಹೋಗುತ್ತಿದ್ದರೆ ಅದರ ಚಿಪ್‌ಗೆ ಯುಎಎಸ್ ಒಗ್ಗದಿರಬಹುದು. ಕರ್ನೆಲ್ ಸಾಲಿನಲ್ಲಿ ಕ್ವರ್ಕ್ಸ್ ಆಯ್ಕೆ ಕೊಟ್ಟು ಅದೊಂದು ಸಾಧನವನ್ನು ಹಳೆಯ ಡ್ರೈವರಿಗೆ ಇಳಿಸಿ, ವೇಗ ಸ್ವಲ್ಪ ಹೋದರೂ ಸ್ಥಿರವಾಗುತ್ತದೆ.

ಎರಡೂ ಸಾಲು ಬಂದು ಕೆಲಸ ಮಾತ್ರ ಆಗದಿದ್ದರೆ ಯುಡೆವ್‌ಎಡಿಎಂ ಇನ್ಫೋ ಓಡಿಸಿ, ನಿಯಮದಲ್ಲಿ ಬರೆದ ಗುಣಗಳು ಆ ಡಿಸ್ಕಿಗೆ ನಿಜವಾಗಿ ಇವೆಯೇ ಎಂದು ಒಂದೊಂದಾಗಿ ತಾಳೆ ನೋಡಿ. ಯುಯುಐಡಿ ಇರುವುದು ಎಸ್‌ಡಿಬಿ1ಕ್ಕೆ, ನೀವು ಹೋಲಿಸುತ್ತಿರುವುದು ಎಸ್‌ಡಿಬಿಯನ್ನು, ಹೀಗೂ ಆಗಿರುತ್ತದೆ. ನಿಯಮ ತಿದ್ದಿದ ಮೇಲೆ ರೀಲೋಡ್ ಮಾಡಿ, ಡ್ರೈವನ್ನು ಕಿತ್ತು ಮತ್ತೆ ಚುಚ್ಚಿ. ಟ್ರಿಗರ್ ಕಮಾಂಡಿನಿಂದ ಸುದ್ದಿಯನ್ನು ಮರುಕಳಿಸಿ ಕಾಯುತ್ತಾ ಕೂತರೆ ಸೇವೆ ಏಳುವುದಿಲ್ಲ, ಏಕೆಂದರೆ ಡಿಸ್ಕ್ ಹೊಸದಾಗಿ ಕಾಣಿಸಿಕೊಂಡಾಗ ಮಾತ್ರ ಸಿಸ್ಟಮ್‌ಡಿ ಆ ವಾಂಟ್ಸ್ ಗುಣದ ಕಡೆ ತಿರುಗಿ ನೋಡುತ್ತದೆ.